ಮೂರು ಪರ್ಸೆಂಟ್ ಅಂದರೆ ಎಷ್ಟು?

ನಮ್ಮ ಲ್ಯಾಬಿಗೆ ಹೊಸದಾಗಿ ಸೇರುವ ಎಂ.ಫಾರ್ಮ್ ಹುಡುಗ ಹುಡುಗಿಯರು ಸಿಬಿ1 ಪ್ರಾಜೆಕ್ಟ್ ಅಂದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಗಾಂಜಾ ಸೇದಿದವರಿಗೆ ವಿಪರೀತ ಹಸಿವಾಗುತ್ತದೆ ಅನ್ನುವುದು ಹಾಸ್ಟೆಲಿನಲ್ಲಿ ಇದ್ದವರಿಗೆಲ್ಲ ಗೊತ್ತಿರುವ ವಿಷಯ. ಗಾಂಜಾದ ನಶೆಯ ಅಂಶವಾದ ಟಿಎಚ್‌ಸಿ ಜೀವಕೋಶದ ಮೇಲೆ ಹೋಗಿ ಕೂರುವ ಜಾಗವೇ ಸಿಬಿ1 ರಿಸೆಪ್ಟರ್. ಹಾಗಾದರೆ ಆ ಜಾಗವನ್ನೇ ಬಂದ್ ಮಾಡಿದರೆ ಹಸಿವು ಕಮ್ಮಿಯಾಗಬೇಕು, ತೂಕ ಇಳಿಯಬೇಕು, ಅಲ್ವಾ? ಹೌದು, ಇಳಿಯುತ್ತದೆ. ಇಲಿಯಲ್ಲೂ ಇಳಿಯುತ್ತದೆ, ಮನುಷ್ಯರಲ್ಲೂ ಇಳಿದಿದೆ. ತೊಂದರೆ ಇರುವುದು ಅಲ್ಲಿ ಅಲ್ಲ.

ನಾನು ಕೆಲಸ ಮಾಡುವುದು ಮಣಿಪಾಲದ ಹತ್ತಿರದ ಒಂದು ಲ್ಯಾಬಿನಲ್ಲಿ. ಹೊರಗಿನ ಕಂಪೆನಿಗಳು ತಮ್ಮ ಹೊಸ ಮಾಲಿಕ್ಯೂಲ್ ಕಳಿಸುತ್ತವೆ. ನಾವು ಅದನ್ನು ಇಲಿಗಳಿಗೆ ಕೊಟ್ಟು, ಏನಾಯಿತು ಎಂದು ವರದಿ ಬರೆಯುತ್ತೇವೆ. ಹಾಗೆ ಬಂದದ್ದರಲ್ಲಿ ಸಿಬಿ1 ಬ್ಲಾಕರ್ ಕೂಡ ಒಂದು. ಕಂಪೆನಿಯ ಹೆಸರು, ಮಾಲಿಕ್ಯೂಲಿನ ಹೆಸರು ಹೇಳುವ ಹಾಗಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ನಾನು ಬರೆಯಲು ಹೊರಟಿರುವುದು ಆ ಕೆಲಸದಲ್ಲಿ ನಮ್ಮೆದುರು ಬಂದ ಒಂದೇ ಒಂದು ಅಂಕಿಯ ಬಗ್ಗೆ. ಮೆದುಳಿನಲ್ಲಿ ಎಷ್ಟು ಮದ್ದು ಸಿಕ್ಕಿತು ಅನ್ನುವ ಅಂಕಿ.

ಆ ಅಂಕಿಗೆ ಯಾಕೆ ಇಷ್ಟು ತಲೆಬಿಸಿ ಅಂತ ತಿಳಿಯಬೇಕಾದರೆ ರಿಮೊನಬಾಂಟ್ ಎಂಬ ಹಳೆಯ ಮದ್ದಿನ ಕಥೆ ಗೊತ್ತಿರಬೇಕು. ಸಿಬಿ1 ರಿಸೆಪ್ಟರಿನ ಜೀನ್ ಸಿಕ್ಕಿದ್ದು 1990ರಲ್ಲಿ. ನಮ್ಮ ಮೆದುಳೇ ತಯಾರಿಸುವ, ಅದೇ ರಿಸೆಪ್ಟರಿಗೆ ಅಂಟುವ ಅನಂದಮೈಡ್ ಸಿಕ್ಕಿದ್ದು 1992ರಲ್ಲಿ, ಇಸ್ರೇಲಿನಲ್ಲಿ ರಾಫೆಲ್ ಮೆಶೂಲಮ್ ಅವರ ತಂಡಕ್ಕೆ. ಅದಾಗಿ ಎರಡೇ ವರ್ಷಕ್ಕೆ, 1994ರಲ್ಲಿ, ಫ್ರಾನ್ಸಿನ ಸನೋಫಿಯವರು ರಿಸೆಪ್ಟರನ್ನು ಬಂದ್ ಮಾಡುವ ರಿಮೊನಬಾಂಟ್ ಅನ್ನು ಜಗತ್ತಿನ ಮುಂದಿಟ್ಟರು. ರಿಯೋ ಅಂತ ಹೆಸರಿಟ್ಟು ದೊಡ್ಡ ದೊಡ್ಡ ಟ್ರಯಲ್ ನಡೆಯಿತು. ಯುರೋಪಿನ ಟ್ರಯಲಿನಲ್ಲಿ ಒಂದು ವರ್ಷ ದಿನಕ್ಕೆ 20 ಮಿಲಿಗ್ರಾಂ ತೆಗೆದುಕೊಂಡವರು ಸರಾಸರಿ 6.6 ಕೆಜಿ ಇಳಿದರು. ಮದ್ದಿಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರು 1.8 ಕೆಜಿ. ಸೊಂಟದ ಸುತ್ತಳತೆ ಇಳಿಯಿತು, ಟ್ರೈಗ್ಲಿಸರೈಡ್ ಇಳಿಯಿತು, ಒಳ್ಳೆಯ ಕೊಲೆಸ್ಟರಾಲ್ ಏರಿತು. 2006ರಲ್ಲಿ ಯುರೋಪಿನಲ್ಲಿ ಅಕಾಂಪ್ಲಿಯಾ ಅನ್ನುವ ಹೆಸರಿನಲ್ಲಿ ಮಾರಾಟಕ್ಕೂ ಬಂತು. ನಮ್ಮ ದೇಶದಲ್ಲೂ ಮಾರಾಟವಾಯಿತು.

ಆಮೇಲೆ ಒಂದೊಂದೇ ಹೊರಗೆ ಬಂತು. ಸಿಬಿ1 ಮೆದುಳಿನಲ್ಲಿ ಹಸಿವಿಗೆ ಮಾತ್ರ ಇರುವುದಲ್ಲ. ಮನಸ್ಸಿಗೆ ಹಿತ ಅನ್ನಿಸುವುದು, ಭಯ ಇಳಿಯುವುದು, ಕೆಟ್ಟ ನೆನಪು ಮಸುಕಾಗುವುದು, ಇದಕ್ಕೆಲ್ಲ ಅದೇ ರಿಸೆಪ್ಟರ್ ಬೇಕು. ಬಂದ್ ಮಾಡಿದರೆ ಎಲ್ಲವೂ ಬಂದ್. ರಿಮೊನಬಾಂಟ್ ತೆಗೆದುಕೊಂಡವರಲ್ಲಿ ಖಿನ್ನತೆ, ಆತಂಕ, ನಿದ್ದೆಗೇಡು ಜಾಸ್ತಿಯಾಯಿತು. 2007ರ ಜೂನಿನಲ್ಲಿ ಅಮೆರಿಕದ ಔಷಧ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ 14-0 ಮತದಲ್ಲಿ ಬೇಡ ಅಂದಿತು. 2008ರ ಅಕ್ಟೋಬರಿನಲ್ಲಿ ಯುರೋಪಿನ ಔಷಧ ಸಂಸ್ಥೆ ಮಾರಾಟ ನಿಲ್ಲಿಸಿ ಅಂದಿತು. ಮಾನಸಿಕ ತೊಂದರೆಯ ಅಪಾಯ ಸುಮಾರು ಎರಡು ಪಟ್ಟು ಅಂತ ಅವರ ಲೆಕ್ಕ. ಕ್ರೆಸೆಂಡೋ ಎಂಬ, 18,695 ಜನರಿದ್ದ ಹೃದಯದ ಟ್ರಯಲನ್ನು ಅರ್ಧಕ್ಕೇ ನಿಲ್ಲಿಸಿದರು. ಅದರಲ್ಲಿ ರಿಮೊನಬಾಂಟ್ ಗುಂಪಿನ ನಾಲ್ವರು, ಸುಳ್ಳು ಮಾತ್ರೆಯ ಗುಂಪಿನ ಒಬ್ಬರು ಜೀವ ಕಳೆದುಕೊಂಡಿದ್ದರು, ತಮ್ಮ ಕೈಯಾರೆ. ಮರ್ಕ್‌ನ ಟರನಬಾಂಟ್, ಫೈಜರ್‌ನ ಒಟೆನಬಾಂಟ್ ಎಂಬ ಇದೇ ಜಾತಿಯ ಎರಡು ಮದ್ದುಗಳನ್ನೂ 2008ರಲ್ಲೇ ಕೈಬಿಟ್ಟರು. ಭಾರತದಲ್ಲಿ ರಿಮೊನಬಾಂಟ್ ನಿಷೇಧವಾದದ್ದು 2009ರ ಡಿಸೆಂಬರಿನಲ್ಲಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರಿಯೋ ಟ್ರಯಲ್‌ಗಳಿಗೆ ಗಂಭೀರ ಖಿನ್ನತೆ ಇದ್ದವರನ್ನು ಸೇರಿಸಿಕೊಂಡೇ ಇರಲಿಲ್ಲ. ಅವರನ್ನು ಹೊರಗಿಟ್ಟ ಮೇಲೂ ತೊಂದರೆ ಕಂಡಿತ್ತು. ಅಂಗಡಿಗೆ ಬಂದ ಮೇಲೆ ಯಾರು ಬೇಕಾದರೂ ತೆಗೆದುಕೊಳ್ಳುತ್ತಾರೆ. ತೂಕ ಜಾಸ್ತಿ ಇರುವವರಲ್ಲಿ ಮನಸ್ಸು ಕುಗ್ಗಿದವರು ಕಮ್ಮಿಯೇನಲ್ಲ. ಇದು ಮೊದಲೇ ಯಾರಿಗೂ ಹೊಳೆಯಲಿಲ್ಲವಾ ಅಂತ ಈಗಲೂ ನನಗೆ ಸಿಟ್ಟು ಬರುತ್ತದೆ.

ಇಷ್ಟಾದ ಮೇಲೆ ಈ ದಾರಿ ಮುಚ್ಚಿಹೋಗಬೇಕಿತ್ತು. ಹೋಗಲಿಲ್ಲ. ಸಿಬಿ1 ಲಿವರಿನಲ್ಲಿ, ಕೊಬ್ಬಿನಲ್ಲಿ, ಮಾಂಸಖಂಡದಲ್ಲಿ, ಕಿಡ್ನಿಯಲ್ಲೂ ಉಂಟು. ಅಲ್ಲಿ ಬಂದ್ ಮಾಡಿದರೂ ಕೊಬ್ಬು ಕರಗುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತದೆ ಅಂತ ಇಲಿಗಳಲ್ಲಿ ಕಂಡಿತು. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಜಾರ್ಜ್ ಕುನೋಸ್ ಅವರ ತಂಡ 2010ರಲ್ಲಿ ಎಎಂ6545, 2012ರಲ್ಲಿ ಜೆಡಿ5037 ಎಂಬ ಮಾಲಿಕ್ಯೂಲ್ ಇಟ್ಟುಕೊಂಡು ಇದನ್ನು ತೋರಿಸಿತು. ಅಲ್ಲಿಂದ ಎಲ್ಲರಿಗೂ ಒಂದೇ ಗುರಿ: ಮೆದುಳಿಗೆ ಹೋಗದ ಸಿಬಿ1 ಬ್ಲಾಕರ್. ನಮಗೆ ಬಂದದ್ದೂ ಅಂಥದ್ದೇ. ಜೊತೆಗೆ ಕಂಪೆನಿಯವರು ಕಳಿಸಿದ್ದ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಮೆದುಳಿನಲ್ಲಿ ಪ್ಲಾಸ್ಮಾದ ಮೂರು ಪರ್ಸೆಂಟ್ ಮಾತ್ರ. ಪ್ಲಾಸ್ಮಾ ಅಂದರೆ ರಕ್ತದ ಕಣಗಳನ್ನು ತೆಗೆದ ಮೇಲೆ ಉಳಿಯುವ ನೀರಿನ ಭಾಗ.

ತೂಕದ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಸಿ57 ಜಾತಿಯ ಕಪ್ಪು ಇಲಿಗಳಿಗೆ ತಿಂಗಳುಗಟ್ಟಲೆ ಕೊಬ್ಬಿನ ಆಹಾರ ಹಾಕಿ ದಪ್ಪ ಮಾಡುತ್ತೇವೆ. ಅದರ 60 ಪರ್ಸೆಂಟ್ ಕ್ಯಾಲರಿ ಕೊಬ್ಬಿನದ್ದೇ. ಉಡುಪಿಯ ಮಳೆಗಾಲದಲ್ಲಿ ಈ ಆಹಾರ ಇಟ್ಟುಕೊಳ್ಳುವುದೇ ಒಂದು ರಗಳೆ. ಫ್ರಿಜ್ಜಿನಿಂದ ಹೊರಗೆ ತೆಗೆದು ಸ್ವಲ್ಪ ಹೊತ್ತಾದರೆ ಮೆತ್ತಗಾಗುತ್ತದೆ, ಇನ್ನೂ ಬಿಟ್ಟರೆ ಕಮಟು ವಾಸನೆ. ಇಲಿಗಳು ತಿನ್ನುವುದಕ್ಕಿಂತ ಪುಡಿ ಮಾಡಿ ಬೀಳಿಸುವುದು ಜಾಸ್ತಿ. ಎಷ್ಟು ತಿಂದಿತು ಅಂತ ಲೆಕ್ಕ ಬೇಕಾದರೆ ಪಂಜರದ ಭತ್ತದ ಹೊಟ್ಟನ್ನು ಜರಡಿ ಹಿಡಿದು, ಬಿದ್ದ ಚೂರನ್ನು ಹೆಕ್ಕಿ ತೂಗಬೇಕು. ಹೊಟ್ಟಿಗೆ ಗಾಳಿಯ ಪಸೆ ಹತ್ತಿ ಅದೂ ಅಂಟಿಕೊಂಡಿರುತ್ತದೆ. ಜುಲೈಯಲ್ಲಿ ಈ ಕೆಲಸಕ್ಕೆ ಕೂತವರನ್ನು ಮಾತಾಡಿಸದೇ ಇರುವುದು ಒಳ್ಳೆಯದು.

ಆದರೂ ಈ ಲೆಕ್ಕ ಬೇಕು. ಯಾಕೆಂದರೆ ಸಿಬಿ1 ಬ್ಲಾಕರ್ ಕೊಟ್ಟರೆ ತಿನ್ನುವುದು ಕಮ್ಮಿಯಾಗುವುದು ಮೊದಲ ಕೆಲವು ದಿನ ಮಾತ್ರ. ಆಮೇಲೆ ಇಲಿ ಮೊದಲಿನಷ್ಟೇ ತಿನ್ನಲು ಶುರು ಮಾಡುತ್ತದೆ, ತೂಕ ಮಾತ್ರ ಕೆಳಗೇ ಇರುತ್ತದೆ. ರಿಮೊನಬಾಂಟ್‌ನಲ್ಲೂ ಹೀಗೆಯೇ ಆಗಿತ್ತು. ಹಸಿವು ಒಂದೇ ಕಾರಣ ಅಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ. ನಮ್ಮ ಪ್ರಾಜೆಕ್ಟಿನಲ್ಲೂ ಗ್ರಾಫ್ ಚೆಂದ ಬಂತು. ಕಂಪೆನಿಯವರಿಗೆ ಖುಷಿಯೋ ಖುಷಿ.

ಈಗ ಮೂರು ಪರ್ಸೆಂಟಿನ ವಿಷಯ.

ಮೆದುಳಿನಲ್ಲಿ ಎಷ್ಟು ಮದ್ದಿದೆ ಅಂತ ನೋಡುವ ಸುಲಭದ ದಾರಿ ಹೀಗೆ. ಮದ್ದು ಕೊಟ್ಟು ಇಂತಿಷ್ಟು ಹೊತ್ತಿನ ಮೇಲೆ ರಕ್ತ ತೆಗೆಯುವುದು, ಮೆದುಳು ತೆಗೆಯುವುದು. ಮೆದುಳನ್ನು ಅರೆದು ಎರಡನ್ನೂ ಮದ್ದಿನ ಪ್ರಮಾಣ ಅಳೆಯುವ ಮಾಸ್ ಸ್ಪೆಕ್ ಯಂತ್ರಕ್ಕೆ ಹಾಕುವುದು. ಮೆದುಳಿನ ಅಂಕಿಯನ್ನು ಪ್ಲಾಸ್ಮಾದ ಅಂಕಿಯಿಂದ ಭಾಗಿಸಿದರೆ ಪರ್ಸೆಂಟ್ ಬಂತು. ಎಲ್ಲರೂ ಮಾಡುತ್ತಾರೆ, ತಪ್ಪೇನಿಲ್ಲ. ಆದರೆ ನಮ್ಮ ಮೇಲಿನ ಸರ್ ಆ ಸ್ಲೈಡ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಮೂರು ಪರ್ಸೆಂಟ್ ಸರಿ. ಎಷ್ಟರ ಮೂರು ಪರ್ಸೆಂಟ್?"

ಅವರು ಬೋರ್ಡಿನ ಮೇಲೆ ಮಾಡಿ ತೋರಿಸಿದ ಲೆಕ್ಕವನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ. ದುಂಡು ಅಂಕಿ ಇಟ್ಟುಕೊಳ್ಳೋಣ, ನಮ್ಮ ಮಾಲಿಕ್ಯೂಲಿನದ್ದಲ್ಲ. ಪ್ಲಾಸ್ಮಾದಲ್ಲಿ ಒಂದು ಮಿಲಿಲೀಟರಿಗೆ 1000 ನ್ಯಾನೋಗ್ರಾಂ ಮದ್ದಿದೆ ಅನ್ನಿ. ಮೂರು ಪರ್ಸೆಂಟ್ ಅಂದರೆ ಒಂದು ಗ್ರಾಂ ಮೆದುಳಿಗೆ 30 ನ್ಯಾನೋಗ್ರಾಂ. ಮಾಲಿಕ್ಯೂಲಿನ ತೂಕ 500 ಆದರೆ ಅದು 60 ನ್ಯಾನೋಮೋಲಾರ್ (ಮದ್ದು ಎಷ್ಟು ಸಾಂದ್ರವಾಗಿದೆ ಅಂತ ಅಳೆಯುವ ಮಾಪ). ಇಂಥ ಮದ್ದುಗಳು ಕೊಬ್ಬಿಗೆ ಅಂಟುವ ಜಾತಿ, ಮೆದುಳು ಕೊಬ್ಬಿನ ಅಂಗ. ಹಾಗಾಗಿ ನೂರರಲ್ಲಿ 99 ಪಾಲು ಎಲ್ಲೋ ಅಂಟಿಕೊಂಡಿದೆ, ಒಂದೇ ಪಾಲು ಬಿಡುವಾಗಿದೆ ಅಂತ ಇಟ್ಟುಕೊಳ್ಳಿ. ಉಳಿದದ್ದು 0.6 ನ್ಯಾನೋಮೋಲಾರ್. ಎಷ್ಟು ಕಮ್ಮಿ, ಅಲ್ವಾ? ಆದರೆ ಈ ಮಾಲಿಕ್ಯೂಲ್ 0.5 ನ್ಯಾನೋಮೋಲಾರ್ ಇದ್ದರೇ ಅರ್ಧ ರಿಸೆಪ್ಟರ್ ಹಿಡಿಯುವಷ್ಟು ಗಟ್ಟಿಯಾದದ್ದು. ಲೆಕ್ಕ ಹಾಕಿ: 0.6ಕ್ಕೆ 0.5 ಸೇರಿಸಿದರೆ 1.1, 0.6ನ್ನು ಆ 1.1ರಿಂದ ಭಾಗಿಸಿದರೆ 55 ಪರ್ಸೆಂಟ್. ಮೆದುಳಿನ ಅರ್ಧಕ್ಕಿಂತ ಹೆಚ್ಚು ಸಿಬಿ1 ಬಂದ್!

ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಸಾರಿಗೆ ಒಂದು ಚಿಟಿಕೆ ಬೆಲ್ಲ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ, ಒಂದು ಚಿಟಿಕೆ ಇಂಗು ಹಾಕಿದರೆ ಪಕ್ಕದ ಮನೆಗೂ ಗೊತ್ತಾಗುತ್ತದೆ. ಸಿಬಿ1 ಬ್ಲಾಕರುಗಳು ಇಂಗಿನ ಜಾತಿ. ಒಳ್ಳೆಯ ಮದ್ದು ಆಗಲಿ ಅಂತ ಕೆಮಿಸ್ಟುಗಳು ಅದನ್ನು ಇನ್ನೂ ಇನ್ನೂ ಗಟ್ಟಿ ಮಾಡುತ್ತಾ ಹೋಗುತ್ತಾರೆ. ಗಟ್ಟಿಯಾದಷ್ಟೂ ಮೆದುಳಿಗೆ ಸೋರಿದ ಚೂರೇ ಸಾಕಾಗುತ್ತದೆ. ಡೋಸ್ ಏರಿಸಿದರಂತೂ ಪರ್ಸೆಂಟ್ ಮೂರೇ ಇರುತ್ತದೆ, ಮೆದುಳಿಗೆ ಹೋದದ್ದು ಮಾತ್ರ ಡೋಸಿನ ಜೊತೆಗೇ ಏರುತ್ತದೆ.

ತಮಾಷೆ ಏನೆಂದರೆ ಆ ಮೂರು ಪರ್ಸೆಂಟ್ ಪೂರ್ತಿ ಸುಳ್ಳೂ ಆಗಿರಬಹುದು. ತೆಗೆದ ಮೆದುಳಿನೊಳಗೆ ಸಣ್ಣ ರಕ್ತನಾಳಗಳಲ್ಲಿ ರಕ್ತ ಉಳಿದಿರುತ್ತದೆ, ನೂರಕ್ಕೆ ಎರಡು ಮೂರು ಪಾಲಿನಷ್ಟು. ಆ ರಕ್ತದಲ್ಲಿ ಮದ್ದು ತುಂಬಿರುತ್ತದೆ. ಅರೆದರೆ ಎಲ್ಲ ಒಂದೇ. ಮೆದುಳಿನ ಒಳಗೆ ಒಂದು ಕಣವೂ ಹೋಗದೇ ಇದ್ದರೂ ಯಂತ್ರ ಎರಡು ಮೂರು ಪರ್ಸೆಂಟ್ ತೋರಿಸಬಹುದು. ಅಂದರೆ ಸ್ಲೈಡಿನ ಅದೇ ಅಂಕಿಗೆ ಎರಡು ಅರ್ಥ: ಏನೂ ಹೋಗಿಲ್ಲ ಅಂತಲೂ ಆಗಬಹುದು, ಅರ್ಧಕ್ಕಿಂತ ಹೆಚ್ಚು ರಿಸೆಪ್ಟರ್ ಬಂದ್ ಆಗಿದೆ ಅಂತಲೂ ಆಗಬಹುದು. ಅದೇ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಹೂಡಿಕೆದಾರರಿಗೆ ತೋರಿಸುತ್ತಿದ್ದರು.

ಸರಿ, ರಕ್ತ ತೊಳೆಯೋಣ ಅಂದೆವು. ಇಲಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿ, ಎದೆ ಬಿಚ್ಚಿ, ಹೃದಯದ ಎಡಭಾಗಕ್ಕೆ ಸೂಜಿ ಹಾಕಿ ತಣ್ಣನೆಯ ಸಲೈನ್ ಬಿಡುವುದು. ಬಲಭಾಗದಲ್ಲಿ ಒಂದು ಸೀಳು ಹಾಕಿದರೆ ರಕ್ತ ಅಲ್ಲಿಂದ ಹೊರಗೆ ಬರುತ್ತದೆ. ಮೊದಲು ಲಿವರ್ ನೋಡಬೇಕು. ಕಡು ಕೆಂಪಿನ ಲಿವರ್ ನೋಡ ನೋಡುತ್ತಲೇ ತಿಳಿ ಕಂದು ಬಣ್ಣಕ್ಕೆ ತಿರುಗಿದರೆ ಸಲೈನ್ ಸರಿಯಾಗಿ ಓಡುತ್ತಿದೆ ಅಂತ. ಮೆದುಳು ಹೊರಗೆ ತೆಗೆದಾಗ ಅದರ ಮೇಲೆ ಕೆಂಪು ಗೆರೆ ಇರಬಾರದು, ಕೆನೆಯ ಬಣ್ಣ ಇರಬೇಕು. ಗೆರೆ ಇದ್ದರೆ ಆ ಸ್ಯಾಂಪಲ್ ಲೆಕ್ಕಕ್ಕಿಲ್ಲ. ಕೈ ಪಳಗಿದವರು ಬೇಕು, ಹೊತ್ತು ಹಿಡಿಯುತ್ತದೆ, ದುಡ್ಡೂ ಆಗುತ್ತದೆ. ಕಂಪೆನಿಯವರು ಮೊದಲು ಒಪ್ಪಲಿಲ್ಲ. ಕೋಟ್ ಮಾಡಿದ ಬಜೆಟ್ಟಿನಲ್ಲಿ ಇದಿಲ್ಲ ಅಂತ ಮೇಲ್ ಬಂತು. ನಮ್ಮ ಕಡೆಯಿಂದಲೂ ಮೇಲ್ ಹೋಯಿತು. ಆ ಸರಣಿ ಇಲ್ಲಿ ಬೇಡ.

ಇನ್ನೊಂದು ವಿಷಯ ಸಮಯ. ಅವರ ಸ್ಲೈಡಿನ ಮೂರು ಪರ್ಸೆಂಟ್, ಒಂದೇ ಡೋಸ್ ಕೊಟ್ಟು, ಪ್ಲಾಸ್ಮಾದಲ್ಲಿ ಮದ್ದು ತುತ್ತತುದಿಗೆ ಏರಿರುವ ಹೊತ್ತಿಗೆ ತೆಗೆದದ್ದು. ಆಗ ಭಾಗಿಸುವ ಅಂಕಿ ದೊಡ್ಡದು, ಪರ್ಸೆಂಟ್ ತಾನಾಗಿಯೇ ಸಣ್ಣದು. ನಿಧಾನಕ್ಕೆ ಒಳಗೆ ಹೋಗುವ ಮದ್ದು ನಿಧಾನಕ್ಕೇ ಹೊರಗೆ ಬರುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಪ್ಲಾಸ್ಮಾ ಖಾಲಿಯಾಗಿರುತ್ತದೆ, ಮೆದುಳಿನಲ್ಲಿ ಇನ್ನೂ ಇರುತ್ತದೆ. ಬೊಜ್ಜಿನ ಮದ್ದು ಯಾರೂ ಒಂದು ದಿನ ತೆಗೆದುಕೊಳ್ಳುವುದಿಲ್ಲ, ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ವಾರಗಟ್ಟಲೆ ಡೋಸ್ ಕೊಟ್ಟ ಇಲಿಯ ಮೆದುಳನ್ನೇ ನೋಡಬೇಕು, ಅದೂ ಬೇರೆ ಬೇರೆ ಹೊತ್ತಿನಲ್ಲಿ. ಈ ಜಾತಿಯ ಕೆಲವು ಮಾಲಿಕ್ಯೂಲುಗಳನ್ನು ಮೆದುಳಿನ ಬಾಗಿಲಲ್ಲಿರುವ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪ್ ಹೊರಗೆ ತಳ್ಳುತ್ತದೆ. ಆ ಪಂಪನ್ನೇ ನಿಲ್ಲಿಸುವ ಮಾತ್ರೆಗಳೂ ಇವೆ. ಬಿಪಿಗೆ ಕೊಡುವ ವೆರಪಮಿಲ್ ಅದರಲ್ಲಿ ಒಂದು. ತೂಕ ಜಾಸ್ತಿ ಇರುವ ಎಷ್ಟು ಜನ ಬಿಪಿ ಮಾತ್ರೆ ನುಂಗುತ್ತಾರೆ, ನೀವೇ ಯೋಚಿಸಿ.

ಇಷ್ಟರಲ್ಲಿ ನಮ್ಮ ಅನಿಮಲ್ ಹೌಸಿನ ಅಟೆಂಡರ್ ಒಂದು ದಿನ ನನ್ನನ್ನು ಕರೆದರು. ಯಾವ ಪಂಜರಕ್ಕೆ ಯಾವ ಡೋಸ್ ಅಂತ ಅವರಿಗೆ ಗೊತ್ತಿರುವುದಿಲ್ಲ, ಗೊತ್ತಿರಬಾರದು. "ಮೇಡಂ, ಆ ಮೇಲಿನ ಸಾಲಿನವು ಎಂತ ತುರಿಸಿಕೊಳ್ಳುವುದು ಮಾರಾಯ್ರೆ? ಚಿಗಟ ಏನಾದರೂ ಆಯ್ತಾ?" ಅಂದರು. ಹೋಗಿ ನೋಡಿದೆ. ಒಂದು ಇಲಿ ಹಿಂಗಾಲಿನಿಂದ ಕಿವಿಯ ಹಿಂದೆ ಸರಸರ ಕೆರೆದುಕೊಂಡು, ಕಾಲು ನೆಕ್ಕಿ, ಮತ್ತೆ ಕೆರೆದುಕೊಳ್ಳುತ್ತಿತ್ತು. ಪಕ್ಕದ್ದೂ ಹಾಗೆಯೇ. ಕೆಳಗಿನ ಸಾಲಿನವು ಆರಾಮಾಗಿ ಮಲಗಿದ್ದವು. ಚಿಗಟ ಇರಲಿಲ್ಲ. ಆ ದಿನ ನಾನು ಕೋಡ್ ಪುಸ್ತಕ ಬಿಚ್ಚಲಿಲ್ಲ, ಬಿಚ್ಚುವ ಹಾಗೂ ಇಲ್ಲ. ನೋಡಿದ್ದನ್ನು ಹೊತ್ತಿನ ಸಮೇತ ರಿಜಿಸ್ಟರಿನಲ್ಲಿ ಬರೆದು, ಅವರ ಕೈಯಲ್ಲೂ ಸಹಿ ಮಾಡಿಸಿದೆ. ಕೊನೆಗೆ ಕೋಡ್ ಬಿಚ್ಚಿದಾಗ ಮೇಲಿನ ಸಾಲು ಹೆಚ್ಚಿನ ಡೋಸಿನದ್ದೇ ಆಗಿತ್ತು.

ರಿಮೊನಬಾಂಟ್ ಕೊಟ್ಟ ಇಲಿಗಳು ಹೀಗೆ ಮೈ ಕೆರೆದುಕೊಳ್ಳುತ್ತವೆ, ತಲೆ ಕೊಡವುತ್ತವೆ ಅನ್ನುವುದು ಈ ಕ್ಷೇತ್ರದವರಿಗೆ ಹಳೆಯ ವಿಷಯ. ತುರಿಕೆ ಕಂಡ ಕೂಡಲೇ ಮದ್ದು ಮೆದುಳಿಗೆ ಹೋಗಿದೆ ಅಂತ ಹೇಳಲು ಬರುವುದಿಲ್ಲ, ಚರ್ಮದಲ್ಲೂ ಸಿಬಿ1 ಇದೆ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಅದು ಗಟ್ಟಿಯಾಗಿ ಕೇಳುತ್ತದೆ. ಅಟೆಂಡರ್ ಹೇಳಿದ್ದನ್ನು ರಿಜಿಸ್ಟರಿಗೆ ಹಾಕುವ ಅಭ್ಯಾಸ ಎಲ್ಲ ಲ್ಯಾಬಿನಲ್ಲೂ ಇಲ್ಲ. ದಿನಾ ಪಂಜರದ ಮುಂದೆ ನಿಲ್ಲುವವರು ಅವರು. ನಾವು ನಿಲ್ಲುವುದು ಎಕ್ಸೆಲ್ ಮುಂದೆ.

ಕೊನೆಗೆ ಜಗಳ ಬಗೆಹರಿಸಿದ್ದು ಥರ್ಮಾಮೀಟರ್. ಸಿಪಿ-55,940 ಅಂತ ಒಂದು ಕೃತಕ ಮಾಲಿಕ್ಯೂಲ್ ಇದೆ. ಟಿಎಚ್‌ಸಿಯ ಹಾಗೆಯೇ ಸಿಬಿ1ನ್ನು ಎಬ್ಬಿಸುತ್ತದೆ, ಅದಕ್ಕಿಂತ ಜೋರಾಗಿ. ಕೊಟ್ಟರೆ ಇಲಿಯ ಮೈ ತಣ್ಣಗಾಗುತ್ತದೆ, ಹಲವು ಡಿಗ್ರಿ. ಓಡಾಟ ನಿಲ್ಲುತ್ತದೆ, ಇಟ್ಟ ಭಂಗಿಯಲ್ಲೇ ಇರುತ್ತದೆ. ಮೈ ತಣ್ಣಗಾಗುವುದು ಮೆದುಳಿನ ಸಿಬಿ1 ಮೂಲಕ. ಹಾಗಾಗಿ ಮೊದಲು ನಮ್ಮ ಬ್ಲಾಕರ್ ಕೊಟ್ಟು, ಆಮೇಲೆ ಇದನ್ನು ಕೊಟ್ಟು, ಕಾಯುವುದು. ಮೈ ಎಂದಿನಂತೆ ತಣ್ಣಗಾದರೆ ಬ್ಲಾಕರ್ ಮೆದುಳಿನಲ್ಲಿ ಇಲ್ಲ. ತಣ್ಣಗಾಗದೇ ಬೆಚ್ಚಗೇ ಉಳಿದರೆ ಬ್ಲಾಕರ್ ಅಲ್ಲಿ ಕೂತಿದೆ. ಯಂತ್ರ ಎಷ್ಟೇ ಪರ್ಸೆಂಟ್ ಹೇಳಲಿ, ರಿಸೆಪ್ಟರ್ ಬಂದ್ ಆಗಿದೆಯೋ ಇಲ್ಲವೋ ಅಂತ ಇಲಿಯೇ ಹೇಳುತ್ತದೆ. ಇದನ್ನು ಒಂದೇ ಡೋಸಿನಲ್ಲಿ ಮಾಡಿದರೆ ಸಾಲದು. ತೂಕ ಇಳಿಸಿದ ಡೋಸಿನಲ್ಲಿ, ವಾರಗಟ್ಟಲೆ ಕೊಟ್ಟ ಮೇಲೆ ಮಾಡಬೇಕು. ನಾವು ಹಾಗೆಯೇ ಮಾಡಿದೆವು. ತೂಕ ಚೆನ್ನಾಗಿ ಇಳಿದ ಡೋಸಿನಲ್ಲಿ ಇಲಿಗಳು ಬೆಚ್ಚಗೇ ಇದ್ದವು.

ವರದಿ ಓದಿದ ಕಂಪೆನಿಯವರು ಮೊದಲು ಕೇಳಿದ್ದು ಆ ಪುಟವನ್ನು ಕೊನೆಗೆ ಹಾಕಲು ಆಗುತ್ತದಾ ಅಂತ. ಆಗುವುದಿಲ್ಲ ಅಂದರು ನಮ್ಮ ಸರ್. ಅವರು ಏರುದನಿ ಮಾಡುವವರೇ ಅಲ್ಲ. ಪುಟ ಇದ್ದಲ್ಲೇ ಇತ್ತು.

ಈಗ ಈ ಜಾತಿಯ ಮಾಲಿಕ್ಯೂಲ್ ಬಂದರೆ ಪ್ರೋಟೋಕಾಲ್ ಬರೆಯುವಾಗಲೇ, ಒಂದು ಇಲಿಯನ್ನೂ ಮುಟ್ಟುವ ಮೊದಲೇ, ಎರಡು ಸಾಲು ಸೇರಿಸುತ್ತೇನೆ. ಮೆದುಳಿನ ಅಂಕಿ ಪರ್ಸೆಂಟಿನಲ್ಲಿ ಅಲ್ಲ, ಬಿಡುವಾಗಿರುವ ಮದ್ದು ಎಷ್ಟು ನ್ಯಾನೋಮೋಲಾರ್ ಅಂತ ಬೇಕು, ಪಕ್ಕದಲ್ಲೇ ರಿಸೆಪ್ಟರ್ ಹಿಡಿಯಲು ಎಷ್ಟು ಬೇಕು ಅನ್ನುವ ಅಂಕಿಯೂ ಬೇಕು. ಮೈ ಬಿಸಿಯ ಪರೀಕ್ಷೆಯಲ್ಲಿ ಎಷ್ಟು ಡಿಗ್ರಿ ವ್ಯತ್ಯಾಸ ಬಂದರೆ ನಿಲ್ಲಿಸುತ್ತೇವೆ ಅಂತ ಮೊದಲೇ ಬರೆದು ಎರಡೂ ಕಡೆಯವರು ಸಹಿ ಹಾಕಬೇಕು. ತೂಕದ ಗ್ರಾಫ್ ಕಣ್ಣೆದುರು ಬಂದ ಮೇಲೆ ಈ ಗೆರೆ ಎಳೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ನನಗೂ ಬರುವುದಿಲ್ಲ. ಕೆಲವರು ಇದೆಲ್ಲ ಜಾಸ್ತಿ ಆಯಿತು ಅಂತ ಬೇರೆ ಲ್ಯಾಬಿಗೆ ಹೋಗುತ್ತಾರೆ. ಹೋಗಲಿ.

ಹೊರಗಿನ ಸುದ್ದಿಯೂ ಇದೇ ಪ್ರಶ್ನೆಯ ಸುತ್ತ ಇದೆ. ಕೆನಡಾದ ಇನ್ವರ್ಸಾಗೋ ಕಂಪೆನಿ ಮೊನ್‌ಲುನಬಾಂಟ್ ಎಂಬ ಸಿಬಿ1 ಬ್ಲಾಕರ್ ಮಾಡಿತ್ತು. 2023ರಲ್ಲಿ ನೋವೋ ನಾರ್ಡಿಸ್ಕ್ ಆ ಕಂಪೆನಿಯನ್ನೇ ಗರಿಷ್ಠ 107.5 ಕೋಟಿ ಡಾಲರಿನ ಒಪ್ಪಂದದಲ್ಲಿ ಕೊಂಡುಕೊಂಡಿತು. 2024ರ ಸೆಪ್ಟೆಂಬರಿನಲ್ಲಿ ಆ ಮದ್ದಿನ 243 ಜನರ ಟ್ರಯಲಿನ ಫಲಿತಾಂಶ ಬಂತು. ದಿನಕ್ಕೆ 10 ಮಿಲಿಗ್ರಾಂ ತೆಗೆದುಕೊಂಡವರು 16 ವಾರದಲ್ಲಿ 7.1 ಕೆಜಿ ಇಳಿದರು, ಸುಳ್ಳು ಮಾತ್ರೆಯವರು 0.7 ಕೆಜಿ. ಡೋಸ್ 20, 50ಕ್ಕೆ ಏರಿಸಿದಾಗ ತೂಕ ಹೆಚ್ಚೇನೂ ಇಳಿಯಲಿಲ್ಲ, ಆತಂಕ, ಸಿಡುಕು, ನಿದ್ದೆಗೇಡು ಮಾತ್ರ ಡೋಸಿನ ಜೊತೆ ಏರಿತು. ಹೆಚ್ಚಿನದು ಸಾಧಾರಣ ಮಟ್ಟದ್ದು ಅಂದರು. ಆದರೂ ಪ್ರಶ್ನೆ ಅದೇ, ಎಷ್ಟು ಒಳಗೆ ಹೋಯಿತು? ಸ್ಕೈ ಬಯೋಸೈನ್ಸ್‌ನವರು ಇನ್ನೊಂದು ದಾರಿ ಹಿಡಿದರು. ನಿಮಾಸಿಮ್ಯಾಬ್ ಅನ್ನುವ, ಸಿಬಿ1 ಬಂದ್ ಮಾಡುವ ಆಂಟಿಬಾಡಿ (ದೊಡ್ಡ ಗಾತ್ರದ ಪ್ರೋಟೀನ್), ಮೆದುಳಿಗೆ ಹೋಗುವುದು ತೀರಾ ಕಮ್ಮಿ. 2025ರ ಅಕ್ಟೋಬರಿನ ಫಲಿತಾಂಶದಲ್ಲಿ ಅದೊಂದನ್ನೇ ಕೊಟ್ಟವರಲ್ಲಿ ತೂಕದ ಗುರಿ ಮುಟ್ಟಲಿಲ್ಲ. ಡೋಸ್ ಸಾಲಲಿಲ್ಲ ಅನ್ನುವುದು ಕಂಪೆನಿಯ ಮಾತು.

ಎರಡನ್ನೂ ಪಕ್ಕಪಕ್ಕ ಇಟ್ಟರೆ ನನಗೆ ಬರುವ ಸಂಶಯ ಇದು. ಮನುಷ್ಯರಲ್ಲಿ ತೂಕ ಇಳಿಯಲು ಮೆದುಳಿನ ಸಿಬಿ1 ಸ್ವಲ್ಪವಾದರೂ ಬಂದ್ ಆಗಲೇಬೇಕೋ ಏನೋ. ಲಿವರಿಗೆ, ಕಿಡ್ನಿಗೆ ಮೆದುಳಿನ ಹೊರಗೇ ಇರುವ ಬ್ಲಾಕರ್ ಸಾಕಾಗಬಹುದು, ಸೊಂಟಕ್ಕೆ ಸಾಲದಿರಬಹುದು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ಗಳು 2025ರಿಂದ ನಮ್ಮಲ್ಲೂ ತೂಕ ಇಳಿಸಲು ಸಿಗುತ್ತಿವೆ. ಅಂಥವು ಇರುವಾಗ ಮನಸ್ಸು ಕೆಡಿಸುವ ಮಾತ್ರೆಯನ್ನು ಯಾರೂ ಸಹಿಸಿಕೊಂಡು ನುಂಗುವುದಿಲ್ಲ. ಹಾಗಾಗಿ ನನ್ನ ಕೈಗೆ ಮುಂದಿನ ಸಿಬಿ1 ಮಾಲಿಕ್ಯೂಲ್ ಬಂದರೆ ಬೊಜ್ಜಿಗೆ ಅಂತ ಬರುವುದಕ್ಕಿಂತ ಫ್ಯಾಟಿ ಲಿವರಿಗೆ ಅಂತ ಬಂದರೆ ಒಳ್ಳೆಯದು ಅನ್ನಿಸುತ್ತದೆ. ಅದಕ್ಕೂ ಥರ್ಮಾಮೀಟರ್ ಪರೀಕ್ಷೆ ಬಿಡುವುದಿಲ್ಲ, ಬಜೆಟ್ಟಿನಲ್ಲಿ ಮೊದಲೇ ಹಾಕಿರುತ್ತೇನೆ.